ಅಡಗೂಲಜ್ಜಿ ಕಥೆಗಳ ಎಚ್ಚಿಂಗ್: ನೋಡುವ, ಕೊಳ್ಳುವ, ಕಾಪಾಡುವ ಕ್ರಮ

ಮನೆಯ ಗೋಡೆಗೆ ಅಥವಾ ಮಕ್ಕಳ ಕೋಣೆಗೆ ಅಡಗೂಲಜ್ಜಿ ಕಥೆಯ ಒಂದು ಒಳ್ಳೆಯ ಚಿತ್ರ ಬೇಕೆಂದು ಹುಡುಕಲು ಹೊರಟವರಿಗೆ ಈಗ ಅಂತರ್ಜಾಲದಲ್ಲಿ ‘ಸೀಮಿತ ಪ್ರತಿ, ಕಲಾವಿದರ ಸಹಿಯುಳ್ಳದ್ದು’ ಎಂಬ ಒಕ್ಕಣೆಯ ಹಾಳೆಗಳು ಲೆಕ್ಕವಿಲ್ಲದಷ್ಟು ಸಿಗುತ್ತವೆ. ತುಮಕೂರಿನಲ್ಲಿ ಕುಳಿತು ಮೊಬೈಲಿನಲ್ಲಿ ಅವುಗಳನ್ನು ನೋಡುವ ಓದುಗರಿಗೆ ಯಾವುದು ನಿಜವಾದ ಎಚ್ಚಿಂಗ್, ಯಾವುದು ಒಳ್ಳೆಯ ಕಾಗದದ ಮೇಲಿನ ಕಂಪ್ಯೂಟರ್ ಮುದ್ರಣ ಎಂಬುದು ತಿಳಿಯುವುದು ಕಷ್ಟ. ತಿಳಿದರೂ ಕೇಳಿದ ಬೆಲೆ ನ್ಯಾಯವೇ ಎಂಬ ಪ್ರಶ್ನೆ ಉಳಿಯುತ್ತದೆ. ಹಾಳೆಯ ಕೆಳ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದ 23/100 ಎಂಬಂಥ ಸಂಖ್ಯೆಯನ್ನು ಕಂಡ ಕೂಡಲೇ ಬೆಲೆಯ ಮಾತಿಗೆ ಇಳಿಯುವವರೇ ಹೆಚ್ಚು. ಆ ಸಂಖ್ಯೆಯನ್ನು ಎಲ್ಲಕ್ಕಿಂತ ಕೊನೆಯಲ್ಲಿ ನೋಡಬೇಕು, ಮೊದಲು ಗೆರೆಯನ್ನು, ಆಮೇಲೆ ಅಚ್ಚಿನ ಗುಣವನ್ನು ನೋಡಬೇಕು ಎಂಬುದು ನನ್ನ ನಿಲುವು. ಹಾಗೇಕೆ ಎಂಬುದನ್ನು ಅರಿಯಲು ಈ ಚಿತ್ರ ತಯಾರಾಗುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ತಿಳಿಯಬೇಕಾಗುತ್ತದೆ.

ಎಚ್ಚಿಂಗ್ ಎಂದರೆ ಲೋಹದ ತಗಡನ್ನು ಆಮ್ಲದಿಂದ ಕೊರೆಯಿಸಿ, ಕೊರೆದ ಗೆರೆಗಳಲ್ಲಿ ಶಾಯಿ ತುಂಬಿ, ಅದನ್ನು ಕಾಗದಕ್ಕೆ ಒತ್ತಿ ತೆಗೆಯುವ ಮುದ್ರಣ. ತಾಮ್ರದ ಅಥವಾ ಸತುವಿನ ತಗಡನ್ನು ಜಿಡ್ಡು ಹೋಗುವಂತೆ ಉಜ್ಜಿ, ಜೇನುಮೇಣ, ರಾಳ ಮತ್ತು ಡಾಂಬರಿನಂಥ ಅಸ್ಫಾಲ್ಟಂ ಸೇರಿಸಿ ಮಾಡಿದ ತೆಳುವಾದ ಲೇಪವನ್ನು ಅದರ ಮೇಲೆ ಹಚ್ಚುತ್ತಾರೆ. ಕಲಾವಿದರು ಸೂಜಿಯಿಂದ ಈ ಲೇಪದ ಮೇಲೆ ಚಿತ್ರ ಬರೆಯುತ್ತಾರೆ. ಸೂಜಿ ಹರಿದ ಕಡೆಯಲ್ಲೆಲ್ಲ ಲೇಪ ಸರಿದು ಲೋಹ ಬಯಲಾಗುತ್ತದೆ. ತಾಮ್ರವಾದರೆ ಈಗ ಹೆಚ್ಚಾಗಿ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ, ಸತುವಾದರೆ ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ತಗಡನ್ನು ಮುಳುಗಿಸಿದಾಗ ಬಯಲಾದ ಗೆರೆಗಳನ್ನು ಮಾತ್ರ ದ್ರಾವಣ ತಿನ್ನುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಗೆರೆ ಆಳವಾಗಿ, ಅಚ್ಚಿನಲ್ಲಿ ಕಪ್ಪಾಗಿ ಬರುತ್ತದೆ. ದೂರದ ಬೆಟ್ಟದ ಸಾಲು ನವಿರಾಗಿಯೂ ಮುಂದೆ ನಿಂತ ಮರದ ಬೇರು ಗಾಢವಾಗಿಯೂ ಬರಬೇಕಾದರೆ, ಸ್ವಲ್ಪ ಹೊತ್ತಿನ ನಂತರ ತಗಡನ್ನು ಹೊರತೆಗೆದು, ಬೆಟ್ಟದ ಗೆರೆಗಳಿಗೆ ವಾರ್ನಿಷ್ ಬಳಿದು ಮುಚ್ಚಿ, ಬೇರಿನ ಗೆರೆಗಳಿಗಾಗಿ ಮತ್ತೆ ಮುಳುಗಿಸಬೇಕು. ಇದನ್ನು ನಾಲ್ಕೈದು ಸಲ ಮಾಡುವುದು ಅಪರೂಪವೇನಲ್ಲ.

ಗೆರೆಯಿಲ್ಲದ ನೆರಳು ಬೇಕಾದಾಗ ಅಕ್ವಾಟಿಂಟ್ ಎಂಬ ಇನ್ನೊಂದು ವಿಧಾನವನ್ನು ಬಳಸುತ್ತಾರೆ. ರಾಳದ ನುಣ್ಣನೆಯ ಪುಡಿಯನ್ನು, ಅಂಗಳಕ್ಕೆ ರಂಗೋಲಿ ಪುಡಿ ಉದುರಿಸಿದ ಹಾಗೆ, ತಗಡಿನ ಮೇಲೆ ಉದುರಿಸಿ ಬಿಸಿ ಮಾಡಿ ಅಂಟಿಸುತ್ತಾರೆ; ಕಣಗಳ ನಡುವಿನ ಸಂದುಗಳನ್ನು ಆಮ್ಲ ತಿಂದಾಗ ಶಾಯಿ ಹಿಡಿಯುವ ಒರಟು ಮೈ ಸಿದ್ಧವಾಗುತ್ತದೆ. ಮುದ್ರಿಸುವಾಗ ತಗಡಿಗೆಲ್ಲ ಶಾಯಿ ಮೆತ್ತಿ, ಜಾಳು ಬಟ್ಟೆಯಿಂದ, ಕೊನೆಗೆ ಕೆಲವರು ಅಂಗೈಯಿಂದಲೇ ಮೇಲ್ಮೈಯನ್ನು ಒರೆಸುತ್ತಾರೆ. ಶಾಯಿ ಗೆರೆಗಳ ಒಳಗೆ ಮಾತ್ರ ಉಳಿಯುತ್ತದೆ. ನೆನೆಸಿ ಮೆತ್ತಗಾದ ಹತ್ತಿಯ ಕಾಗದವನ್ನು ತಗಡಿನ ಮೇಲಿಟ್ಟು, ಮೇಲೆ ಉಣ್ಣೆಯ ಕಂಬಳಿ ಹೊದಿಸಿ, ಎರಡು ಉರುಳೆಗಳ ನಡುವೆ ಹಾಯಿಸಿದಾಗ ಕಾಗದ ಗೆರೆಗಳೊಳಕ್ಕೆ ಇಳಿದು ಶಾಯಿಯನ್ನು ಎತ್ತಿಕೊಳ್ಳುತ್ತದೆ. ಮುಂದಿನ ಪ್ರತಿಗೆ ಮತ್ತೆ ಶಾಯಿ ಮೆತ್ತಬೇಕು, ಮತ್ತೆ ಒರೆಸಬೇಕು. ಒಂದೇ ತಗಡಿನ ಎರಡು ಪ್ರತಿಗಳು ತದ್ವತ್ ಒಂದೇ ಆಗಿರುವುದಿಲ್ಲವೆಂಬುದಕ್ಕೂ, ಹಲವು ಪ್ರತಿಗಳಿದ್ದರೂ ಪ್ರತಿಯೊಂದನ್ನೂ ಮೂಲಕೃತಿಯೆಂದೇ ಕರೆಯುವುದಕ್ಕೂ ಇದೇ ಕಾರಣ.

ಈ ಕಲೆ ಯುರೋಪಿನಲ್ಲಿ ಕವಚಗಳಿಗೆ ಅಲಂಕಾರ ಕೊರೆಯುವವರ ಕಸುಬಿನಿಂದ ಹುಟ್ಟಿತು. ದಿನಾಂಕವಿರುವ ಅತ್ಯಂತ ಹಳೆಯ ಎಚ್ಚಿಂಗ್ 1513ರದು, ಸ್ವಿಟ್ಜರ್ಲೆಂಡಿನ ಉರ್ಸ್ ಗ್ರಾಫ್ ಮಾಡಿದ್ದು. ಮಾಯಾಕಥೆಗಳ ಜೊತೆ ಅದರ ನಂಟು ಗಟ್ಟಿಯಾದದ್ದು ಬಹಳ ತಡವಾಗಿ. ಜರ್ಮನಿಯ ಗ್ರಿಮ್ ಸಹೋದರರು ಸಂಗ್ರಹಿಸಿದ ಕಥೆಗಳು 1823ರಲ್ಲಿ ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದಾಗ ಅದಕ್ಕೆ ಚಿತ್ರ ಕೊರೆದವನು ಇಂಗ್ಲಿಷ್ ಚಿತ್ರಕಾರ ಜಾರ್ಜ್ ಕ್ರೂಯಿಕ್‌ಶ್ಯಾಂಕ್. ಅವನ ಚಿತ್ರಗಳು ಅಂಗೈಯಗಲದವು; ಆದರೆ ಆ ಚಿಕ್ಕ ಜಾಗದಲ್ಲಿ ಕುಣಿಯುವ ಕುಳ್ಳರು, ಮರೆಯಿಂದ ಇಣುಕುವ ದಂಪತಿಗಳು, ಪಾತ್ರೆ ಪಡಗ ಎಲ್ಲವೂ ಚುರುಕಾದ ಗೆರೆಗಳಲ್ಲಿ ಜೀವಂತವಾಗಿವೆ. ಮುಂದೆ 1868ರಲ್ಲಿ ಈ ಕಥೆಗಳ ಮರುಮುದ್ರಣಕ್ಕೆ ಮುನ್ನುಡಿ ಬರೆದ ವಿಮರ್ಶಕ ಜಾನ್ ರಸ್ಕಿನ್, ಅವನ ಕೈಚಳಕವನ್ನು ಡಚ್ ಕಲಾವಿದ ರೆಂಬ್ರಾಂಟ್‌ನ ಸಾಲಿಗೆ ತಂದು ಹೊಗಳಿದ. ಹೊಗಳಿಕೆ ಸ್ವಲ್ಪ ಹೆಚ್ಚಾಯಿತೆಂದು ನನಗನ್ನಿಸಿದರೂ, ಸೂಜಿಯ ಗೆರೆಗೆ ಪೆನ್ನಿನ ಸ್ವಾತಂತ್ರ್ಯವಿರುತ್ತದೆ ಎಂಬುದನ್ನು ಕಲಿಯಲು ಕ್ರೂಯಿಕ್‌ಶ್ಯಾಂಕ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಚಿತ್ರದ ಕಲೆಯನ್ನು ಅಳೆಯುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಕಥೆಯ ಯಾವ ಗಳಿಗೆಯನ್ನು ಕಲಾವಿದರು ಆರಿಸಿಕೊಂಡಿದ್ದಾರೆ ಎಂಬುದು. ಎಲ್ಲರೂ ಬರೆಯುವ ಮದುವೆ, ಅರಮನೆ, ರಾಜಕುಮಾರಿಯ ನಿದ್ದೆಗಳನ್ನೇ ಅಂದವಾಗಿ ಬರೆದರೆ ಅದು ಅಲಂಕಾರವಾಗುತ್ತದೆ, ಅಷ್ಟೆ. ಬ್ರಿಟಿಷ್ ಕಲಾವಿದ ಡೇವಿಡ್ ಹಾಕ್ನಿ 1969ರಲ್ಲಿ ಕೈಗೆತ್ತಿಕೊಂಡು 1970ರಲ್ಲಿ ಪ್ರಕಟಿಸಿದ ಗ್ರಿಮ್ ಕಥೆಗಳ ಎಚ್ಚಿಂಗ್ ಮಾಲೆಯನ್ನು ಈ ದೃಷ್ಟಿಯಿಂದ ನೋಡಬೇಕು. ಆರು ಕಥೆಗಳಿಗೆ ಮೂವತ್ತೊಂಬತ್ತು ಚಿತ್ರಗಳಿವೆ, ಎಲ್ಲವೂ ಕಪ್ಪು ಶಾಯಿಯವು. ಹುಲ್ಲನ್ನು ನೂತು ಚಿನ್ನ ಮಾಡಬೇಕಾದ ಹುಡುಗಿಯ ಕಥೆಗೆ ಅವರು ಬರೆದ ಒಂದು ಚಿತ್ರದ ಹೆಸರೇ ‘ಎಡಕ್ಕೆ ಹುಲ್ಲು, ಬಲಕ್ಕೆ ಚಿನ್ನ’. ಅಲ್ಲಿ ಹುಡುಗಿಯೂ ಇಲ್ಲ, ಕುಳ್ಳನೂ ಇಲ್ಲ, ಎರಡು ರಾಶಿಗಳಿವೆ. ಬಣ್ಣವನ್ನೇ ಬಳಸದೆ ಒಂದನ್ನು ಹುಲ್ಲೆಂದೂ ಇನ್ನೊಂದನ್ನು ಚಿನ್ನವೆಂದೂ ನಂಬಿಸುವ ಹೊಣೆಯನ್ನು ಕಲಾವಿದರು ಬರಿಯ ಗೆರೆಯ ಮೇಲೆ ಹೊರಿಸಿದ್ದಾರೆ. ಅದೇ ಕಥೆಯ ಕೊನೆಗೆ ಕುಳ್ಳ ಕೋಪದಿಂದ ತನ್ನನ್ನೇ ಎರಡಾಗಿ ಸೀಳಿಕೊಳ್ಳುವುದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ನಮ್ಮ ಅಜ್ಜಿಯರೂ ರಾಕ್ಷಸನ ಕೈಕಾಲು ಮುರಿಯುವುದನ್ನು ಮಕ್ಕಳಿಂದ ಮುಚ್ಚಿಟ್ಟವರಲ್ಲವಾದ್ದರಿಂದ ಈ ನೇರತನ ಕನ್ನಡದ ಓದುಗರಿಗೆ ಅಪರಿಚಿತವೇನಲ್ಲ.

ಎರಡನೆಯ ಪ್ರಶ್ನೆ, ಕತ್ತಲನ್ನು ಹೇಗೆ ಕಟ್ಟಿದ್ದಾರೆ ಎಂಬುದು. ಕಾಡು, ಬಾವಿ, ಗುಹೆ, ನಡುರಾತ್ರಿ ಇಲ್ಲದ ಮಾಯಾಕಥೆ ವಿರಳ. ಒಬ್ಬರು ಗೆರೆಯ ಮೇಲೆ ಅಡ್ಡಗೆರೆ ಎಳೆದು ಕತ್ತಲನ್ನು ನೇಯುತ್ತಾರೆ. ಇನ್ನೊಬ್ಬರು ಅಕ್ವಾಟಿಂಟ್‌ನಿಂದ ಮಬ್ಬು ಹರಡುತ್ತಾರೆ. ಶಿಶುಪ್ರಾಸಗಳಿಗೆ 1989ರಲ್ಲಿ ಎಚ್ಚಿಂಗ್ ಮಾಡಿದ ಪೋರ್ಚುಗಲ್ ಮೂಲದ ಪೌಲಾ ರೇಗೋ ಈ ಎರಡನ್ನೂ ಬೆರೆಸಿದವರು. ಅಡ್ಡಗೆರೆಯ ಕತ್ತಲನ್ನು ಹತ್ತಿರದಿಂದ ನೋಡಿದಾಗ ಗೆರೆಗಳ ನಡುವೆ ಬಿಳಿಯ ಚುಕ್ಕೆಗಳು ಉಸಿರಾಡುತ್ತಿರಬೇಕು; ಅವು ಕಟ್ಟಿಹೋಗಿ ಬರಿಯ ಕಪ್ಪು ಕಲೆಯಾಗಿದ್ದರೆ ಆಮ್ಲ ಹದ ಮೀರಿ ತಿಂದಿದೆ ಅಥವಾ ಒರೆಸುವುದರಲ್ಲಿ ಅವಸರವಾಗಿದೆ ಎಂದು ತಿಳಿಯಬಹುದು.

ಇನ್ನು ಪರೀಕ್ಷೆಯ ವಿಷಯ. ಹಾಳೆ ಕೈಗೆ ಸಿಕ್ಕಾಗ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯೊಂದು ಜೊತೆಗಿರಲಿ. ಗಡಿಯಾರ ರಿಪೇರಿಯವರೂ ಅಕ್ಕಸಾಲಿಗಳೂ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರವೂ ಆದೀತು. ಸಾಮಾನ್ಯ ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಚುಕ್ಕೆಗಳು ಹೂವಿನಾಕಾರದಲ್ಲಿ ಸಾಲಾಗಿ ಕಾಣುತ್ತವೆ. ಜಿಕ್ಲೆ ಎಂಬ ಗತ್ತಿನ ಹೆಸರಿನಿಂದ ಮಾರುವುದು ಇಂಕ್‌ಜೆಟ್ ಮುದ್ರಣವೇ ಆಗಿದ್ದು, ಅದರಲ್ಲಿ ಸಿಂಪಡಿಸಿದಂಥ ಅತಿ ಸಣ್ಣ ಕಣಗಳು ಕಾಣುತ್ತವೆ. ಎಚ್ಚಿಂಗ್‌ನ ಗೆರೆ ಚುಕ್ಕೆಗಳಿಲ್ಲದೆ ತುಂಬು ಶಾಯಿಯಿಂದ ಕೂಡಿರುತ್ತದೆ. ಹಾಳೆಯನ್ನು ಓರೆ ಬೆಳಕಿಗೆ ಹಿಡಿದರೆ ಶಾಯಿ ಕಾಗದದಿಂದ ಕೂದಲೆಳೆಯಷ್ಟು ಮೇಲೆದ್ದು ನಿಂತಿರುವುದೂ ತಿಳಿಯುತ್ತದೆ. ಗೆರೆಯ ತುದಿಯನ್ನೂ ಗಮನಿಸಬೇಕು. ಆಮ್ಲ ಕೊರೆದ ಗೆರೆಯ ತುದಿ ಮೊಂಡಾಗಿರುತ್ತದೆ, ಉಳಿಯಿಂದ ನೇರವಾಗಿ ಕೆತ್ತಿದ ಗೆರೆ ಚೂಪಾಗಿ ಮುಗಿಯುತ್ತದೆ, ಆಮ್ಲವಿಲ್ಲದೆ ಸೂಜಿಯಿಂದಲೇ ಲೋಹವನ್ನು ಗೀಚಿದ ಡ್ರೈಪಾಯಿಂಟ್ ಗೆರೆಯ ಅಂಚು ಮಖಮಲ್ಲಿನಂತೆ ಹರಡಿರುತ್ತದೆ.

ತಗಡಿನ ಅಂಚು ಒತ್ತಿ ಕಾಗದದಲ್ಲಿ ಚಿತ್ರದ ಸುತ್ತ ಮೂಡುವ ತಗ್ಗನ್ನು ಪ್ಲೇಟ್ ಮಾರ್ಕ್ ಎನ್ನುತ್ತಾರೆ. ಅದು ಬೆರಳಿಗೆ ಸಿಗಬೇಕು. ಆದರೆ ಅದೊಂದನ್ನೇ ನಂಬುವಂತಿಲ್ಲ, ಏಕೆಂದರೆ ಆಫ್‌ಸೆಟ್ ಹಾಳೆಗೂ ಖಾಲಿ ತಗಡನ್ನು ಒತ್ತಿ ಆ ಗುರುತನ್ನು ಮೂಡಿಸಬಹುದು. ಛಾಯಾಚಿತ್ರದಿಂದ ತಾಮ್ರಕ್ಕೆ ಇಳಿಸುವ ಫೋಟೋಗ್ರವ್ಯೂರ್‌ನಲ್ಲಂತೂ ಆ ಗುರುತು ಸಹಜವಾಗಿಯೇ ಇರುತ್ತದೆ. ಹೀಗಾಗಿ ಗೆರೆ, ಶಾಯಿಯ ಉಬ್ಬು, ಪ್ಲೇಟ್ ಮಾರ್ಕ್ ಮೂರೂ ಒಂದೇ ಸಾಕ್ಷ್ಯ ಹೇಳಬೇಕು.

ಹೆಸರಿನಿಂದಲೂ ಮೋಸ ಹೋಗುವುದುಂಟು. ಗುಸ್ತಾವ್ ದೋರೆ ಫ್ರೆಂಚ್ ಮಾಯಾಕಥೆಗಳಿಗೆ ಬರೆದ ಪ್ರಸಿದ್ಧ ಚಿತ್ರಗಳು ಎಚ್ಚಿಂಗ್‌ಗಳಲ್ಲ. ಅವನ್ನು ಬೇರೆ ಕುಶಲಕರ್ಮಿಗಳು ಮರದ ದಿಮ್ಮಿಯಲ್ಲಿ ಕೆತ್ತಿದರು, ಉಬ್ಬಿದ ಭಾಗಕ್ಕೆ ಶಾಯಿ ಹಚ್ಚಿ ಮುದ್ರಿಸಿದರು. ಆರ್ಥರ್ ರ‍್ಯಾಕಮ್‌ನ ಬಣ್ಣದ ಚಿತ್ರಗಳು ಜಲವರ್ಣದ ಮೂಲದಿಂದ ಯಂತ್ರದಲ್ಲಿ ತೆಗೆದ ಮುದ್ರಣಗಳು. ಅವನ ಸಹಿಯುಳ್ಳ ಸೀಮಿತ ಪ್ರತಿಯ ಪುಸ್ತಕಗಳಿಗೆ ಒಳ್ಳೆಯ ಬೆಲೆ ಇದೆ, ಆದರೆ ಆ ಬೆಲೆ ಪುಸ್ತಕಕ್ಕೆ ಸಲ್ಲುವಂಥದ್ದು. ಇವೆಲ್ಲ ಕೀಳೆಂದು ಹೇಳುತ್ತಿಲ್ಲ. ಎಚ್ಚಿಂಗ್‌ನ ಬೆಲೆ ಕೊಟ್ಟು ಎಚ್ಚಿಂಗ್ ಅಲ್ಲದ್ದನ್ನು ಕೊಳ್ಳಬಾರದು ಎಂಬುದಷ್ಟೇ ಮಾತು.

ಈಗ ಸಂಖ್ಯೆಗೆ ಬರಬಹುದು. 23/100 ಎಂದರೆ ನೂರು ಪ್ರತಿಗಳ ಆವೃತ್ತಿಯಲ್ಲಿ ಇದು ಇಪ್ಪತ್ತಮೂರನೆಯದೆಂದು ಗುರುತಿಸಿದ ಹಾಳೆ. ಅದು ಇಪ್ಪತ್ತಮೂರನೆಯದಾಗಿಯೇ ಮುದ್ರಣವಾಗಿರಬೇಕೆಂದಿಲ್ಲ; ಒಣಗಲು ಹರಡಿದ ಹಾಳೆಗಳನ್ನು ಕೈಗೆ ಸಿಕ್ಕ ಕ್ರಮದಲ್ಲಿ ಎತ್ತಿಕೊಂಡು ಕಲಾವಿದರು ಸಂಖ್ಯೆ ಹಾಕುವುದೇ ಹೆಚ್ಚು. ಆದ್ದರಿಂದ 1/100ಕ್ಕೆ ಹೆಚ್ಚು ಹಣ ಕೇಳುವವರ ಮಾತಿಗೆ ಆಧಾರ ಕಡಿಮೆ. ಸಂಖ್ಯೆಯ ಬದಲು ಎ/ಪಿ ಎಂದಿದ್ದರೆ ಕಲಾವಿದರು ತಮಗಾಗಿ ಇಟ್ಟುಕೊಂಡ ಪ್ರತಿ, ಎಚ್/ಸಿ ಎಂದಿದ್ದರೆ ಮಾರಾಟಕ್ಕಲ್ಲದೆ ತೋರಿಸಲೆಂದು ತೆಗೆದದ್ದು, ಬಿ.ಎ.ಟಿ. ಎಂದಿದ್ದರೆ ‘ಹೀಗೇ ಮುದ್ರಿಸಿ’ ಎಂದು ಕಲಾವಿದರು ಒಪ್ಪಿಗೆ ಕೊಟ್ಟ ಮಾದರಿ. ಇವು ಆವೃತ್ತಿಯ ಹೊರಗಿನ ಪ್ರತಿಗಳಾದ್ದರಿಂದ ನೂರರ ಆವೃತ್ತಿಯೆಂದರೆ ಲೋಕದಲ್ಲಿ ನೂರೇ ಹಾಳೆಗಳಿವೆ ಎಂದು ಭಾವಿಸಬಾರದು; ಒಟ್ಟು ಎಷ್ಟು ಎಂದು ಮಾರುವವರನ್ನು ಕೇಳಿ ಬರಹದಲ್ಲಿ ಪಡೆಯಬೇಕು.

ಸಂಖ್ಯೆಗಿಂತ ಮುಖ್ಯವಾದದ್ದು ತಗಡಿನ ಸವೆತ. ಪ್ರತಿ ಸಲ ಒರೆಸುವಾಗಲೂ ಒತ್ತುವಾಗಲೂ ತಾಮ್ರ ಸವೆಯುತ್ತದೆ. ಆಳದ ಗೆರೆ ಬಹುಕಾಲ ತಾಳುತ್ತದೆ, ಅಕ್ವಾಟಿಂಟ್ ಬೇಗ ತೆಳುವಾಗುತ್ತದೆ, ಡ್ರೈಪಾಯಿಂಟ್‌ನ ಮಖಮಲ್ಲು ಕೆಲವೇ ಪ್ರತಿಗಳಲ್ಲಿ ಮಾಯವಾಗುತ್ತದೆ. ತಾಮ್ರಕ್ಕೆ ವಿದ್ಯುತ್ತಿನಿಂದ ಕಬ್ಬಿಣದ ತೆಳು ಪದರ ಹೊದಿಸಿದರೆ ನೂರಾರು ಪ್ರತಿಗಳನ್ನು ಸವೆತವಿಲ್ಲದೆ ತೆಗೆಯಬಹುದು. ಮಾಟಗಾತಿಯರೂ ಭೂತಗಳೂ ತುಂಬಿರುವ ಸ್ಪೇನಿನ ಕಲಾವಿದ ಗೋಯಾನ ಎಂಬತ್ತು ಎಚ್ಚಿಂಗ್‌ಗಳ ಮಾಲೆ ಮೊದಲು ಬಂದದ್ದು 1799ರಲ್ಲಿ. ಅವೇ ತಗಡುಗಳಿಂದ ಇಪ್ಪತ್ತನೆಯ ಶತಮಾನದವರೆಗೂ ಮತ್ತೆ ಮತ್ತೆ ಮುದ್ರಿಸಿದರು. ಮೊದಲ ಆವೃತ್ತಿಯಲ್ಲಿ ಮಬ್ಬುಗತ್ತಲಾಗಿದ್ದ ಆಕಾಶ ಕಡೆಯ ಆವೃತ್ತಿಗಳಲ್ಲಿ ಬಿಳಚಿಕೊಂಡಿದೆ. ಎರಡೂ ಗೋಯಾನ ತಗಡಿನವೇ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಕ್ರೂಯಿಕ್‌ಶ್ಯಾಂಕ್‌ನ ಪುಸ್ತಕದಲ್ಲಿ ಮೊದಲ ಮುದ್ರಣವನ್ನು ಗುರುತಿಸಲು ಸಂಗ್ರಾಹಕರು ನೋಡುವುದು ಮುಖಪುಟದ ಜರ್ಮನ್ ಪದವೊಂದರ ಮೇಲೆ ಎರಡು ಚುಕ್ಕೆಗಳಿವೆಯೇ ಎಂಬುದನ್ನು, ಚುಕ್ಕೆಗಳಿಲ್ಲದ್ದೇ ಮೊದಲಿನದು. ಅವನ ಕಾಲದಲ್ಲಿ ಪೆನ್ಸಿಲ್ ಸಂಖ್ಯೆಯೂ ಸಹಿಯೂ ರೂಢಿಯಲ್ಲಿರಲಿಲ್ಲವೆಂಬುದನ್ನೂ ನೆನಪಿಡಬೇಕು: 1823ರ ಹಾಳೆಯ ಮೇಲೆ ಅಚ್ಚುಕಟ್ಟಾದ ಪೆನ್ಸಿಲ್ ಸಂಖ್ಯೆ ಕಂಡರೆ ಅನುಮಾನಪಡಬೇಕು.

ಪುಸ್ತಕಗಳನ್ನು ಬಿಚ್ಚಿ ಹಾಳೆಹಾಳೆಯಾಗಿ ಮಾರುವುದು ಈ ವ್ಯಾಪಾರದ ಇನ್ನೊಂದು ಮುಖ. ಫ್ರೆಂಚ್ ಕವಿ ಲಾ ಫಾಂಟೇನ್‌ನ ನೀತಿಕಥೆಗಳಿಗೆ ಮಾರ್ಕ್ ಶಾಗಾಲ್ ನೂರು ಎಚ್ಚಿಂಗ್‌ಗಳನ್ನು 1920ರ ದಶಕದ ಕೊನೆಯಲ್ಲಿ ಮಾಡಿದ. ಮಾಡಿಸಿದ ಪ್ರಕಾಶಕ ವೊಲಾರ್ 1939ರಲ್ಲಿ ತೀರಿಕೊಂಡದ್ದರಿಂದ ಪುಸ್ತಕ ಹೊರಬಂದದ್ದು 1952ರಲ್ಲಿ, ತೇರಿಯಾದ್ ಎಂಬ ಇನ್ನೊಬ್ಬ ಪ್ರಕಾಶಕನಿಂದ. ಇಂಥ ಪುಸ್ತಕಗಳಲ್ಲಿ ಪ್ರತಿಗಳ ಲೆಕ್ಕ, ಕಾಗದದ ವಿವರ ಎಲ್ಲವೂ ಕೊನೆಯ ಪುಟದಲ್ಲಿರುತ್ತವೆ, ಬಿಡಿ ಹಾಳೆಯ ಮೇಲಿರುವುದಿಲ್ಲ. ಬಿಡಿ ಹಾಳೆ ಕೊಳ್ಳುವುದಾದರೆ ಆ ಕೊನೆಯ ಪುಟದ ಚಿತ್ರವನ್ನು ಕೇಳಿ ಪಡೆದು, ಹಾಳೆಯ ಅಳತೆಯೊಂದಿಗೆ ತಾಳೆ ನೋಡಬೇಕು. ನೂರು ವರ್ಷ ದಾಟಿದ ಹಾಳೆ 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುವುದರಿಂದ, ಇಲ್ಲಿ ಕೊಂಡದ್ದನ್ನು ವಿದೇಶದಲ್ಲಿರುವ ಮಗಳಿಗೋ ಮಗನಿಗೋ ಸುಮ್ಮನೆ ಅಂಚೆಯಲ್ಲಿ ಕಳುಹಿಸುವಂತಿಲ್ಲ.

ಕೊಳ್ಳುವ ಮೊದಲು ಕಣ್ಣಿಗೆ ಅಭ್ಯಾಸ ಬೇಕು. ತುಮಕೂರಿನಿಂದ ಬೆಳಿಗ್ಗೆಯ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತನ್ನೂ ಮಾಣಿಕ್ಯವೇಲು ಭವನದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯನ್ನೂ ನೋಡಬಹುದು. ಜನವರಿಯ ಚಿತ್ರಸಂತೆಯಲ್ಲಿ ಮುದ್ರಣ ಕಲೆ ಕಲಿತ ಯುವಕರು ತಮ್ಮ ಹಾಳೆಗಳನ್ನು ತಾವೇ ಹಿಡಿದು ಕುಳಿತಿರುತ್ತಾರೆ; ಯಾವ ಲೋಹ, ಎಷ್ಟು ಸಲ ಆಮ್ಲಕ್ಕೆ ಹಾಕಿದಿರಿ, ಕಾಗದ ಯಾವುದು ಎಂದು ಕೇಳಿದರೆ ನಿಜವಾಗಿ ಕೈಯಾರೆ ಮಾಡಿದವರು ಸಂತೋಷದಿಂದ ವಿವರಿಸುತ್ತಾರೆ, ಮಾಡದವರು ಮಾತು ತೇಲಿಸುತ್ತಾರೆ. ಬಣ್ಣದ ಎಚ್ಚಿಂಗ್ ನೋಡುವಾಗ ಕೃಷ್ಣಾ ರೆಡ್ಡಿಯವರ ಹೆಸರು ತಿಳಿದಿರಲಿ. ಕೋಲಾರದ ಗಡಿಯಾಚೆ, ಚಿತ್ತೂರಿನ ಕಡೆಯ ನಂದನೂರಿನಲ್ಲಿ 1925ರಲ್ಲಿ ಹುಟ್ಟಿದ ಅವರು ಪ್ಯಾರಿಸ್ಸಿನಲ್ಲಿ, ಎಣ್ಣೆಯ ಪ್ರಮಾಣ ಬೇರೆ ಬೇರೆಯಾದ ಶಾಯಿಗಳನ್ನು ಮೆದು ಮತ್ತು ಗಟ್ಟಿ ರೋಲರ್‌ಗಳಿಂದ ಒಂದೇ ತಗಡಿಗೆ ಹಚ್ಚಿ ಹಲವು ಬಣ್ಣಗಳನ್ನು ಒಮ್ಮೆಗೇ ಮುದ್ರಿಸುವ ವಿಧಾನವನ್ನು ಬೆಳೆಸಿದವರಲ್ಲಿ ಪ್ರಮುಖರು.

ಹಾಳೆ ಮನೆಗೆ ಬಂದ ಮೇಲೆ ಕಟ್ಟು ಹಾಕಿಸುವ ಪ್ರಶ್ನೆ ಏಳುತ್ತದೆ, ಹೆಚ್ಚಿನ ಹಾಳೆಗಳು ಹಾಳಾಗುವುದೂ ಇಲ್ಲಿಯೇ. ನಮ್ಮ ಪೇಟೆಯಲ್ಲಿ ದೇವರ ಪಟಗಳಿಗೂ ಮದುವೆಯ ಫೋಟೋಗಳಿಗೂ ಕಟ್ಟು ಹಾಕುವವರು ಕೆಲಸದಲ್ಲಿ ಪಳಗಿದವರೇ. ಆದರೆ ಫ್ರೇಮಿಗೆ ಹೊಂದದ ಅಂಚನ್ನು ಕತ್ತರಿಸುವುದು, ಹಾಳೆಯನ್ನು ಹಾರ್ಡ್‌ಬೋರ್ಡಿಗೆ ಫೆವಿಕಾಲ್‌ನಿಂದ ಪೂರ್ತಿ ಅಂಟಿಸುವುದು, ಹಿಂದೆ ಸೆಲ್ಲೋಟೇಪ್ ಹಾಕುವುದು ಅವರ ರೂಢಿ. ಎಚ್ಚಿಂಗ್‌ಗೆ ಈ ಮೂರೂ ಸಲ್ಲವು. ಅಂಚು ಕತ್ತರಿಸಿದ ಹಾಳೆಯ ಬೆಲೆ ಅಲ್ಲಿಗೇ ಬಿತ್ತು. ಆಮ್ಲರಹಿತ ಮೌಂಟ್ ಬೋರ್ಡನ್ನು, ಎಂದರೆ ಚಿತ್ರದ ಹಿಂದೆಯೂ ಸುತ್ತಲೂ ಇಡುವ ದಪ್ಪ ರಟ್ಟನ್ನು, ಬೆಂಗಳೂರಿನಿಂದ ನೀವೇ ತಂದುಕೊಟ್ಟು, ಹಾಳೆಯ ಮೇಲಿನ ಎರಡು ಮೂಲೆಗಳಿಗೆ ಮಾತ್ರ ಜಪಾನೀ ತೆಳು ಕಾಗದದ ಪಟ್ಟಿಯನ್ನು ಗೋಧಿ ಗಂಜಿಯ ಅಂಟಿನಿಂದ ಹಚ್ಚಿ ತೂಗುಬಿಡುವಂತೆ ಎದುರಿಗೆ ನಿಂತು ಮಾಡಿಸಬೇಕು. ಗಾಜು ಹಾಳೆಗೆ ತಗುಲದಂತೆ ಮೌಂಟಿನ ದಪ್ಪ ನಡುವೆ ಇರಬೇಕು. ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಶಾಯಿ ಗಾಜಿಗೆ ಅಂಟಿಕೊಳ್ಳುತ್ತದೆ.

ತುಮಕೂರಿನ ಹವೆ ಕರಾವಳಿಯಷ್ಟು ಕಾಗದಕ್ಕೆ ಕೇಡಲ್ಲ. ಆದರೂ ಏಪ್ರಿಲ್‌ನ ಒಣ ಸೆಕೆಯಿಂದ ಸೆಪ್ಟೆಂಬರ್-ಅಕ್ಟೋಬರ್‌ನ ಮಳೆಗೆ ತಿರುಗುವಾಗ ಕಾಗದ ಹಿಗ್ಗಿ ಕುಗ್ಗಿ ಸುಕ್ಕಾಗುತ್ತದೆ, ತೇವ ನಿಂತರೆ ಕಂದು ಚುಕ್ಕೆಗಳು ಏಳುತ್ತವೆ. ಬಚ್ಚಲುಮನೆಗೆ ಹೊಂದಿದ ಗೋಡೆ, ಮಳೆ ಹೊಡೆಯುವ ಹೊರಗೋಡೆ, ಕಿಟಕಿಯ ಬಿಸಿಲು ನೇರ ಬೀಳುವ ಗೋಡೆ, ದೇವರ ಮನೆಯ ದೀಪ-ಊದುಬತ್ತಿಯ ಹೊಗೆ ತಾಕುವ ಜಾಗ ಇವನ್ನು ಬಿಟ್ಟು ಒಳಗೋಡೆಯನ್ನು ಆರಿಸಿಕೊಳ್ಳಿ. ಗೆದ್ದಲು ಕಂಡ ಮನೆಯಾದರೆ ಕಟ್ಟಿನ ಹಿಂದೆ ಸಣ್ಣ ಬಿರಡೆಗಳನ್ನು ಅಂಟಿಸಿ ಗೋಡೆಗೂ ಅದಕ್ಕೂ ಬೆರಳಗಲ ಗಾಳಿಯಾಡುವ ಜಾಗ ಬಿಡಬೇಕು. ಎರಡು ಮೂರು ವರ್ಷಕ್ಕೊಮ್ಮೆ ಮಳೆಗಾಲ ಕಳೆದ ಮೇಲೆ ಕಟ್ಟು ಬಿಚ್ಚಿಸಿ ಹಿಂಬದಿ ನೋಡುವುದು ಒಳ್ಳೆಯದು.

ಹೊರಗಿನ ಪ್ರಸಿದ್ಧರ ಹಾಳೆಗಳು ಬಹಳ ದುಬಾರಿ ಎನಿಸಿದರೆ, ನಮ್ಮ ಕಥೆಗೆ ನಮ್ಮವರಿಂದ ಎಚ್ಚಿಂಗ್ ಮಾಡಿಸುವ ದಾರಿ ಇದೆ. ನನ್ನ ಮಟ್ಟಿಗೆ ಅದೇ ಹೆಚ್ಚು ಫಲ ಕೊಡುವ ದಾರಿ. ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣ ಇಟ್ಟ ರಾಕ್ಷಸನ ಕೋಟೆಗೆ ಮಧುಗಿರಿಯ ಏಕಶಿಲಾ ಬೆಟ್ಟಕ್ಕಿಂತ ಒಳ್ಳೆಯ ಮಾದರಿ ಎಲ್ಲಿದೆ? ದೇವರಾಯನದುರ್ಗದ ಬಂಡೆಗಳ ಸಂದಿನ ಕುರುಚಲು ಕಾಡು ಅಡ್ಡಗೆರೆಯ ಕತ್ತಲಿಗೆ ಹೇಳಿ ಮಾಡಿಸಿದಂತಿದೆ. ಮುದ್ರಣ ಕಲೆ ಓದಿದ ಕಲಾವಿದರೊಬ್ಬರನ್ನು ಗುರುತಿಸಿ, ನಾಲ್ಕಾರು ಮನೆಯವರು ಸೇರಿ ಖರ್ಚು ಹಂಚಿಕೊಂಡರೆ ಇಪ್ಪತ್ತು ಪ್ರತಿಗಳ ಆವೃತ್ತಿಯೊಂದನ್ನು ತೆಗೆಸುವುದು ಅಸಾಧ್ಯವಲ್ಲ. ಮುಂಗಡ ಕೊಡುವ ಮೊದಲೇ ಕೆಲವು ವಿಷಯಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು: ಲೋಹ ಯಾವುದು, ಕಾಗದ ಯಾವುದು, ಆವೃತ್ತಿಯ ಪ್ರತಿಗಳೆಷ್ಟು, ಅದರ ಹೊರಗೆ ಕಲಾವಿದರು ಇಟ್ಟುಕೊಳ್ಳುವ ಪ್ರತಿಗಳೆಷ್ಟು, ಚಿತ್ರವನ್ನು ಪುಸ್ತಕ ಅಥವಾ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸುವ ಹಕ್ಕು ಯಾರದು. ಕಥೆಯನ್ನು ಹೇಳಿ ಸುಮ್ಮನಾಗಬೇಕೇ ಹೊರತು ಯಾವ ಗಳಿಗೆಯನ್ನು ಬರೆಯಬೇಕೆಂದು ಕಲಾವಿದರಿಗೆ ಅಪ್ಪಣೆ ಕೊಡಬಾರದು; ಆ ಆಯ್ಕೆಯಲ್ಲಿಯೇ ಅವರ ಕಲೆ ಇರುವುದು. ಕೊನೆಯ ಪ್ರತಿ ತೆಗೆದಾದ ಮೇಲೆ ತಗಡಿನ ಮೇಲೆ ಅಡ್ಡಗೆರೆ ಗೀಚಿ ರದ್ದು ಮಾಡುವುದು ವಾಡಿಕೆ. ರದ್ದಾದ ತಗಡಿನಿಂದ ತೆಗೆದ ಒಂದು ಅಚ್ಚನ್ನು ಕೇಳಿ ಪಡೆದು ಕರಾರಿನ ಜೊತೆ ಇಟ್ಟುಕೊಳ್ಳಿ. ಆವೃತ್ತಿ ಇಪ್ಪತ್ತಕ್ಕೇ ನಿಂತಿತೆಂಬುದಕ್ಕೆ ಮುಂದೆ ಯಾರು ಕೇಳಿದರೂ ತೋರಿಸಬಹುದಾದ ಪುರಾವೆ ಅದು.